ತಂತಿಯ ಕೆಳಗಿನ ಸುರುಳಿ

ಎಲೆಕ್ಟ್ರಿಕ್ ಗಿಟಾರಿಗೆ ಯಾವ ಪಿಕಪ್ ಒಳ್ಳೆಯದೆಂದು ಮಠದಲ್ಲಿ ಓದಿ ಬೆಳೆದ ನಮ್ಮನ್ನು ಯಾರಾದರೂ ಕೇಳಿಯಾರೆಂದು ನಾವು ಎಣಿಸಿರಲಿಲ್ಲ. ಆದರೆ ವಸಂತನರಸಾಪುರದಲ್ಲಿ ನೆಲೆಸಿರುವ ನಮ್ಮ ತಂಗಿಯ ಮನೆಯಲ್ಲಿ ಈ ಪ್ರಶ್ನೆಯೇ ತಾಯಿ ಮಗನ ಮನಸ್ತಾಪಕ್ಕೆ ಕಾರಣವಾಯಿತು. ಸೋದರಳಿಯ ಅಲ್ಲಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಬಿಡುವಿದ್ದಾಗ ಗಿಟಾರು ನುಡಿಸುತ್ತ ವಚನಗಳನ್ನು ಹಾಡುತ್ತಾನೆ. ವಾದ್ಯ ಲಿಂಗೈಕ್ಯನಾದ ಅವನ ತಂದೆಯದು. ಅದರಿಂದ ಹೊರಡುವ ‘ಗುಂಯ್’ ಎಂಬ ಸದ್ದಿಗೆ ಬೇಸತ್ತು, ಕೂಡಿಟ್ಟ ಹಣದಲ್ಲಿ ಬಹಳ ಜೋರಾದ ಹೊಸ ಪಿಕಪ್ಪುಗಳನ್ನು ಹಾಕಿಸಲು ಅವನು ಹೊರಟಿದ್ದ. “ಅವರ ವಾದ್ಯದ ಕರುಳನ್ನೇ ಕೀಳುತ್ತೀಯಾ?” ಎಂದು ತಾಯಿ ಕಣ್ಣೀರು ಹಾಕಿದಳು.

ನಮ್ಮ ಬಳಿಗೆ ಬರಲು ಕಾರಣವೂ ಇತ್ತು. ವಿದ್ಯಾರ್ಥಿದೆಸೆಯಲ್ಲಿ ಮಠದ ಪ್ರಾರ್ಥನೆ, ಅನುಭಾವ ಗೋಷ್ಠಿಗಳ ಧ್ವನಿವರ್ಧಕದ ಉಸ್ತುವಾರಿ ಹಲವು ವರ್ಷ ನಮ್ಮ ಪಾಲಿಗಿತ್ತು. ವ್ಯಾಕರಣ ಪಾಠದ ನಡುವೆ ಬೆಸುಗೆಯ ಕಡ್ಡಿಯನ್ನೂ ಹಿಡಿದವರು ನಾವು. ಅಲ್ಲದೆ, ದೇಹವನ್ನೇ ತಂತಿವಾದ್ಯವೆಂದು ಭಾವಿಸಿ ಹಾಡಿದ ಬಸವಣ್ಣನವರನ್ನು ಬಲ್ಲ ಮನೆತನಗಳಿಗೆ ತಂತಿಯ ವಾದ್ಯ, ಅದು ಯಾವ ದೇಶದ್ದೇ ಆಗಿರಲಿ, ಪರಕೀಯವೆನಿಸಬಾರದು. ಪಾಲಕೊಲ್ಲಿನ ಯು. ಶ್ರೀನಿವಾಸರು ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದ ಮೇಲೆ ಆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಪಿಕಪ್ಪೆಂದರೆ ತಂತಿಗಳ ಕೆಳಗಿರುವ ಅಯಸ್ಕಾಂತ, ಅದರ ಸುತ್ತ ಸುತ್ತಿದ ತಾಮ್ರದ ಎಳೆ. ಎಳೆಯ ದಪ್ಪ ಸುಮಾರು 0.06 ಮಿಲಿಮೀಟರು, ಅಂದರೆ ತಲೆಗೂದಲಿನಷ್ಟು. ಸುತ್ತುಗಳು ಸಾಮಾನ್ಯವಾಗಿ ಏಳೆಂಟು ಸಾವಿರ. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಈ ತತ್ತ್ವವನ್ನು ಸರಿಯಾಗಿ ನೂರು ವರ್ಷಗಳ ಅನಂತರ, 1931ರಲ್ಲಿ, ಅಮೆರಿಕದ ಜಾರ್ಜ್ ಬೀಚಮ್ ಗಿಟಾರಿಗೆ ಅಳವಡಿಸಿದರು. ವೀಣೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಮರದ ಕಂಪನವನ್ನು ಹಿಡಿಯುತ್ತದೆ. ಈ ಸುರುಳಿಯಾದರೋ ಹಿಡಿಯುವುದು ಉಕ್ಕಿನ ಚಲನೆಯನ್ನು. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಹಾಕಿದರೆ ಮೌನವೇ ಗತಿ.

ಅದೇ ಸುರುಳಿ ಟ್ರಾನ್ಸ್‌ಫಾರ್ಮರು, ಮೋಟಾರು, ಟ್ಯೂಬ್‌ಲೈಟಿನ ಚೋಕುಗಳು ಹರಡುವ 50 ಹರ್ಟ್ಸಿನ ಕ್ಷೇತ್ರವನ್ನೂ ಹಿಡಿಯುತ್ತದೆ. ಗುಂಯ್‌ಗುಟ್ಟುವಿಕೆಯ ಒಂದು ಮೂಲ ಇದು. ಒಂದು ಮಾತ್ರ! ಆದ್ದರಿಂದ ಹಣ ತೆರುವ ಮೊದಲು ಪರೀಕ್ಷಿಸಬೇಕೆಂದೆವು. ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಸದ್ದು ಉಳಿದರೆ ದೋಷ ಆಂಪ್ಲಿಫಯರಿನಲ್ಲಿ ಅಥವಾ ಮನೆಯ ವಿದ್ಯುತ್ತಿನಲ್ಲಿದೆ. ಪಿಕಪ್ಪಿಗೆ ಸುರಿದ ಹಣ ವ್ಯರ್ಥ. ನುಡಿಸುವವನು ಕುಳಿತಲ್ಲೇ ದಿಕ್ಕು ಬದಲಿಸಿದಂತೆ ಸದ್ದು ಹೆಚ್ಚು ಕಡಿಮೆಯಾದರೆ ಸುರುಳಿಯೇ ಅದನ್ನು ಹಿಡಿಯುತ್ತಿದೆಯೆಂದು ತಿಳಿಯಬೇಕು.

ತಂಗಿಯ ಮನೆಯಲ್ಲಿ ಎರಡೂ ಇದ್ದವು. ಗೋಡೆಯ ಮೂರು ರಂಧ್ರದ ಸಾಕೆಟ್ಟನ್ನು ಬಿಚ್ಚಿಸಿದಾಗ ಭೂಸಂಪರ್ಕದ ತಂತಿಯೇ ಅಲ್ಲಿರಲಿಲ್ಲ. ನಾವು ಬೆಚ್ಚಿದ್ದು ಇದನ್ನು ಕಂಡು. ಗಿಟಾರಿನ ಉಕ್ಕಿನ ತಂತಿಗಳು ಆಂಪ್ಲಿಫಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಹಾಡುವವನ ತುಟಿ ಲೋಹದ ಮೈಕಿಗೆ ತಾಗುತ್ತದೆ. ಎರಡರ ನಡುವೆ ವಿದ್ಯುತ್ ವ್ಯತ್ಯಾಸವಿದ್ದರೆ ಅದು ಹರಿಯುವುದು ಎದೆಯ ಮೂಲಕ. 1972ರ ಮೇ 3ರಂದು ಸ್ವಾನ್ಸೀ ಪಟ್ಟಣದ ವೇದಿಕೆಯ ಮೇಲೆ ಸ್ಕಾಟ್ಲೆಂಡಿನ ಗಿಟಾರುವಾದಕ ಲೆಸ್ಲಿ ಹಾರ್ವೆ ಹೀಗೆಯೇ, ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡರು. ಮಕ್ಕಳ ಕೈಗೆ ಇಂಥ ವಾದ್ಯವನ್ನು ಕೊಡುವ ತಂದೆತಾಯಿಗಳು ಸಂಗೀತದ ಗುರುವನ್ನು ಹುಡುಕುವುದಕ್ಕೂ ಮೊದಲು ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಅರ್ತಿಂಗನ್ನು ನೋಡಿಸಬೇಕು. ನಮ್ಮಲ್ಲಿಯೂ ಅದನ್ನೇ ಮೊದಲು ಮಾಡಿಸಿದೆವು. ಅರ್ಧದಷ್ಟು ಸದ್ದು ಅಲ್ಲಿಗೇ ಅಡಗಿತು.

ಉಳಿದರ್ಧ ಸುರುಳಿಯದು. ಇದಕ್ಕೆ ಪರಿಹಾರ ಕಂಡವರು ಗಿಬ್ಸನ್ ಕಂಪನಿಯ ಸೆತ್ ಲವರ್, 1955ರಲ್ಲಿ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ತಿರುವು ಮಾಡಿದರು. ಹೊರಗಿನ ಗುಂಯ್‌ಕಾರ ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿದು ಅಳಿಯುತ್ತದೆ. ತಂತಿಯ ನಾದ ಮಾತ್ರ ಎರಡರಲ್ಲೂ ಕೂಡಿಕೊಳ್ಳುತ್ತದೆ. ಇದಕ್ಕೆ ಹಂಬಕರ್ ಎಂದು ಹೆಸರು. ಆದರೆ ಅದರ ಅಗಲ ಹೆಚ್ಚು. ಹಳೆಯ ಗಿಟಾರಿನ ಮರವನ್ನು ಕೊರೆಯಬೇಕು. ತಂಗಿ ಇದಕ್ಕೆ ಒಪ್ಪಲಾರಳು, ನಾವೂ ಒಪ್ಪಲಿಲ್ಲ. ಏಕಸುರುಳಿಯ ಅಳತೆಯಲ್ಲಿಯೇ ಎರಡು ಸಣ್ಣ ಸುರುಳಿಗಳನ್ನು ಅಡಕಿದ ಮಾದರಿಗಳಿವೆ. ಮರಕ್ಕೆ ಉಳಿ ತಾಗಿಸದೆ ಅವನ್ನು ಕೂರಿಸಬಹುದು, ಬೇಡವಾದರೆ ಕಳಚಲೂಬಹುದು.

ಇನ್ನು ಜೋರಿನ ಮಾತು. ಅಂಗಡಿಯವರು ಕಿಲೋ ಓಮ್ ಲೆಕ್ಕದಲ್ಲಿ ಸುರುಳಿಯ ರೋಧವನ್ನು ಹೇಳುತ್ತಾರೆ: ಸಾಧಾರಣ ಏಕಸುರುಳಿಗೆ 6ರ ಆಸುಪಾಸು, ಹಳೆಯ ಬಗೆಯ ಹಂಬಕರಿಗೆ 8ರ ಆಸುಪಾಸು, ಜೋರಿನವಕ್ಕೆ 14, 16. ತರುಣರು ದೊಡ್ಡ ಸಂಖ್ಯೆಗೆ ಮರುಳಾಗುತ್ತಾರೆ. ಸುತ್ತು ಹೆಚ್ಚಿದಂತೆ ಶಬ್ದ ದಪ್ಪಗಾಗಿ ಮೇಲಿನ ಸ್ವರಗಳ ಹೊಳಪು ಕುಂದುತ್ತದೆ. ಎಳೆಯನ್ನು ಇನ್ನಷ್ಟು ತೆಳುವಾಗಿಸಿದರೂ ಸಂಖ್ಯೆ ಏರುವುದರಿಂದ ಅದು ಜೋರಿನ ನಿಜವಾದ ಅಳತೆಯೂ ಅಲ್ಲ. ಗಲಾಟೆಯ ಸಂಗೀತಕ್ಕೆ ಜೋರಿನವು ಒಪ್ಪೀತು. ವಚನಗಾಯನದಲ್ಲಿ ಕೇಳಬೇಕಾದುದು ಮಾತು. ವಾದ್ಯ ಅದರ ಹಿಂದೆ ನಡೆಯಬೇಕು. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಅಲ್ನಿಕೊ, ಅಂದರೆ ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಅಯಸ್ಕಾಂತದ, ಮಿತವಾದ ಸುತ್ತಿನ ಜೋಡಿಯನ್ನೇ ಆರಿಸಲು ಹೇಳಿದೆವು. ಅಳಿಯ ಎರಡು ದಿನ ಮುಖ ಊದಿಸಿಕೊಂಡಿದ್ದ; ಆಮೇಲೆ ತಾನೇ ಬೆಂಗಳೂರಿಗೆ ಹೋಗಿ ನುಡಿಸಿ ನೋಡಿ, ಅದನ್ನೇ ತಂದ.

ಜೋಡಿಸುವಾಗ ಹಳೆಯ ತಂತಿಗಳ ನಕ್ಷೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಂಡೆವು. ತಯಾರಕರಿಂದ ತಯಾರಕರಿಗೆ ತಂತಿಯ ಬಣ್ಣಗಳ ಅರ್ಥ ಬೇರೆ. ತಿರುವುಮುರುವಾದರೆ ಎರಡು ಪಿಕಪ್ಪುಗಳು ಒಟ್ಟಿಗೆ ನುಡಿದಾಗ ನಾದ ಟೊಳ್ಳಾಗುತ್ತದೆ. ತಂತಿಗೆ ತೀರ ಹತ್ತಿರ ಏರಿಸಿದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿ ನಡುಗುತ್ತದೆ. ಎರಡು ಮೂರು ಮಿಲಿಮೀಟರಿನಿಂದ ತೊಡಗಿ ಕಿವಿಯಿಂದ ಸರಿಪಡಿಸಬೇಕು.

ಮೂರು ಪಿಕಪ್ಪುಗಳಲ್ಲಿ ಎರಡನ್ನಷ್ಟೇ ಬದಲಿಸಿದೆವು. ಕಳಚಿದವು ಹತ್ತಿಯಲ್ಲಿ ಸುತ್ತಿ, ಹೆಸರು ಬರೆದು, ತಂಗಿಯ ಬೀರುವಿನಲ್ಲಿವೆ. ನಡುವಿನದು ಭಾವನ ಕಾಲದ್ದೇ ಇದೆ. ಗುಂಡಿಯನ್ನು ಅದರ ಕಡೆಗೆ ತಿರುಗಿಸಿದಾಗ ಸಣ್ಣಗೆ ಗುಂಯ್‌ಗುಡುತ್ತದೆ. ಸಂಜೆ ಪಾಳಿ ಇಲ್ಲದ ದಿನ ಅದರಲ್ಲೇ ಒಂದು ನುಡಿಸೆಂದು ಅವಳು ಮಗನಿಗೆ ಹೇಳುತ್ತಾಳೆ.