ಓಕಾಯಾಮಾದಲ್ಲಿ ತಮ್ಮನ ಪುಣ್ಯಸ್ಮರಣೆ

ಹಳೆಯ ವಿದ್ಯಾರ್ಥಿಗಳು ಶಾಲೆಯ ನೆನಪುಗಳನ್ನು ಬರೆದು ಕಳುಹಿಸಬೇಕೆಂಬ ಸಂಪಾದಕ ಮಂಡಳಿಯ ಪತ್ರ ಕೈಸೇರಿದಾಗ ನಾನು ಜಪಾನಿನಿಂದ ಮರಳಿ ಇನ್ನೂ ವಾರವಾಗಿರಲಿಲ್ಲ. ಶಾಲೆಯ ನೆನಪೆಂದರೆ ನನಗೆ ತಮ್ಮನ ನೆನಪೇ. ಶ್ರೀಮಠದ ಪ್ರಸಾದನಿಲಯದಲ್ಲಿ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಕಂದೀಲಿನ ಬೆಳಕಿನಲ್ಲಿ ಓದಿದವರು ನಾವು. ಅವನಿಗೆ ಲಿಂಗದೀಕ್ಷೆಯಾದದ್ದೂ ಅಲ್ಲಿಯೇ. ಆದಕಾರಣ ಈ ಬರಹವು ಶಾಲೆಯ ಅಂಗಳವನ್ನು ಬಿಟ್ಟು ಬಹುದೂರ ಹೋಯಿತೆಂದು ಓದುಗರು ಭಾವಿಸಬಾರದಾಗಿ ವಿನಂತಿ.

ತಮ್ಮನು ಇಂಜಿನಿಯರನಾಗಿ ಜಪಾನಿಗೆ ಹೋದವನು ಅಲ್ಲಿಯ ಕನ್ಯೆಯನ್ನೇ ಮದುವೆಯಾಗಿ ಓಕಾಯಾಮಾ ಎಂಬ ನಗರದಲ್ಲಿ ನೆಲೆಸಿದ್ದನು. 2021ರ ನವೆಂಬರಿನಲ್ಲಿ ಹೃದಯಾಘಾತದಿಂದ ಲಿಂಗೈಕ್ಯನಾದನು. ಕೋವಿಡ್ ಮಹಾಮಾರಿಯ ನಿಮಿತ್ತ ಆ ದೇಶವು ಪರದೇಶಿಗರಿಗೆ ಬಾಗಿಲು ಮುಚ್ಚಿದ್ದ ಕಾಲವದು. ಎರಡು ದಿನಗಳಲ್ಲಿ ದಹನವೆಂದು ಅವನ ಮಡದಿ ದೂರವಾಣಿಯಲ್ಲಿ ತಿಳಿಸಿದಳು. ದಹನವೆಂಬ ಮಾತು ಕಿವಿಗೆ ಬಿದ್ದೊಡನೆ ನಾನು ಆಡಬಾರದ ಮಾತನಾಡಿ, ಆಕೆ ಇನ್ನೂ ಏನನ್ನೋ ಹೇಳುತ್ತಿರುವಾಗಲೇ ದೂರವಾಣಿಯನ್ನು ಕೆಳಗಿಟ್ಟೆನು. ಅವ್ವ ಅಂದಿನಿಂದ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅವನ್ನ ಕೂಡ್ರಿಸಿದ್ರೋ, ಮಲಗಿಸಿದ್ರೋ? ಕೈಯಾಗ ಲಿಂಗಾ ಕೊಟ್ರೋ, ಇಲ್ಲೋ?" ಈ ಪ್ರಶ್ನೆಯ ಭಾರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ವರ್ಷದ ಸ್ಮರಣೆಗೆ ಕರೆ ಬಂದಾಗ ಹೋಗಲಿಲ್ಲ. 2023ರಲ್ಲಿ ಮತ್ತೆ ಕರೆ ಬಂದಿತು. "ಹೋಗಿ ನೋಡಿ ಬಾ" ಎಂದಳು ಅವ್ವ. ಹೊರಟೆನು.

ಓಸಾಕಾದಿಂದ ಓಕಾಯಾಮಾಕ್ಕೆ ಅತಿವೇಗದ ಶಿಂಕಾನ್ಸೆನ್ ರೈಲಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ನಿಲ್ದಾಣದಲ್ಲಿ ತಮ್ಮನ ಮಡದಿಯೂ 15 ವರ್ಷದ ಮಗನೂ ನಿಂತಿದ್ದರು. ಆಕೆ ಸೊಂಟ ಬಾಗಿಸಿ ವಂದಿಸಿ "ಓನೀಸಾನ್" ಎಂದಳು. ಅಣ್ಣ ಎಂದೇ ಅದರ ಅರ್ಥವಂತೆ. ಹುಡುಗನು "ದೊಡ್ಡಪ್ಪ" ಎಂದನು. ಆ ಒಂದು ಕನ್ನಡ ಶಬ್ದವನ್ನು ಅವನಪ್ಪ ಕಲಿಸಿದ್ದನು. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ, ಹುಡುಗನ ಮುಖಾಂತರ.

ಹಾದಿಯಲ್ಲಿ ದಹನದ ವಿಚಾರವನ್ನು ನಾನೇ ಎತ್ತಿದೆನು. ಹೂಳುವುದನ್ನು ಆ ದೇಶದ ಕಾನೂನು ಪೂರ್ತಿಯಾಗಿ ನಿಷೇಧಿಸಿಲ್ಲ. ಆದರೆ ಅದಕ್ಕೆ ಎಡೆಗೊಡುವ ಸ್ಮಶಾನಗಳು ತೀರ ವಿರಳ. ಸತ್ತವರಲ್ಲಿ 100ಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ದಹನವೇ ಗತಿ. ಆಕೆ ಬೇರೇನು ಮಾಡಬಹುದಾಗಿತ್ತೆಂದು ನಾನು ಈ ಎರಡು ವರ್ಷಗಳಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ.

ಮರುದಿನದ ವಿಧಿಗೆ ಮೂರನೆಯ ಸ್ಮರಣೆಯೆಂದು ಹೆಸರು. ಎರಡೇ ವರ್ಷವಾಯಿತಲ್ಲ ಎಂದೆನು. ತೀರಿಕೊಂಡ ಸಂದರ್ಭವನ್ನೇ ಒಂದೆಂದು ಎಣಿಸುವುದು ಅವರ ಪದ್ಧತಿ. ಇದರ ತರುವಾಯ 6 ವರ್ಷ ತುಂಬಿದಾಗ ಏಳನೆಯದು, 12 ತುಂಬಿದಾಗ ಹದಿಮೂರನೆಯದು. ಹೀಗೆ ಸಾಗಿ ಸಾಮಾನ್ಯವಾಗಿ ಮೂವತ್ಮೂರನೆಯದಕ್ಕೆ ಮುಕ್ತಾಯ. ಅಷ್ಟು ಹೊತ್ತಿಗೆ ನೆನೆಯುವವರೇ ಬಹುಮಟ್ಟಿಗೆ ಉಳಿದಿರುವುದಿಲ್ಲ.

ನಾನು ಬಿಳಿಯ ಧೋತರವನ್ನು ಒಯ್ದಿದ್ದೆನು. ಅಲ್ಲಿ ಎಲ್ಲರದೂ ಕಪ್ಪು ಉಡುಪು. ತಮ್ಮನದೇ ಕಪ್ಪು ಕೋಟನ್ನು ತಂದುಕೊಟ್ಟರು. ತೋಳು ಸ್ವಲ್ಪ ಉದ್ದವಾಗಿತ್ತು.

ದೇವಾಲಯವು ಶಿಂಗೋನ್ ಪಂಥದ್ದು. ಕೂಕಾಯ್ (774–835) ಎಂಬ ಯತಿಯು ಚೀನಾದಲ್ಲಿ ಅಭ್ಯಸಿಸಿ ಬಂದು ಸ್ಥಾಪಿಸಿದ ಬೌದ್ಧ ಪಂಥವಿದು. ಪುರೋಹಿತರು ಸೂತ್ರ ಪಠಣ ಮಾಡುತ್ತಿರಲು ಒಬ್ಬೊಬ್ಬರಾಗಿ ಎದ್ದುಹೋಗಿ ಸುಗಂಧದ ಪುಡಿಯನ್ನು ಮೂರು ಬೆರಳುಗಳಲ್ಲಿ ಎತ್ತಿ, ಹಣೆಗೆ ಸೋಕಿಸುವಂತೆ ಹಿಡಿದು, ಕೆಂಡಕ್ಕೆ ಹಾಕಬೇಕು. ಹೀಗೆ ಮೂರು ಸಲ. ನನ್ನ ಬೆರಳುಗಳು ಅಭ್ಯಾಸಬಲದಿಂದ ಹಣೆಯ ಮೇಲೆ ಅಡ್ಡಲಾಗಿ ಎಳೆದೇಬಿಟ್ಟವು. ಯಾರೂ ನಗಲಿಲ್ಲ.

ಸಮಾಧಿಯ ಹಿಂದೆ ನಿಲ್ಲಿಸಲು 'ಸೊತೋಬಾ' ಎಂಬ ನೀಳವಾದ ಮರದ ಪಟ್ಟಿಯನ್ನು ಬರೆದಿಟ್ಟಿದ್ದರು. ಅದು ನಮ್ಮ 'ಸ್ತೂಪ' ಶಬ್ದವೇ. ಅದರ ತುದಿಯ ಅಂಚಿನಲ್ಲಿ ಐದು ಭಾಗಗಳಾಗುವಂತೆ ಕಚ್ಚು ಕೊರೆದಿರುತ್ತಾರೆ. ಪೃಥ್ವಿ, ಅಪ್, ತೇಜ, ವಾಯು, ಆಕಾಶಗಳಿಗೆ ಒಂದೊಂದು. ಒಂದೊಂದರ ಮೇಲೂ ಒಂದು ಅಕ್ಷರ. ಅದು ಭಾರತದಿಂದ ಹೋದ ಸಿದ್ಧಂ ಲಿಪಿ, ಬ್ರಾಹ್ಮಿಯ ಸಂತಾನವಾದುದರಿಂದ ನಮ್ಮ ಕನ್ನಡ ಲಿಪಿಗೆ ದೂರದ ದಾಯಾದಿ. ಪುರೋಹಿತರು ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. ಅ, ವ, ರ, ಹ, ಖ. ಅವರ ಉಚ್ಚಾರಣೆ ಬೇರೆಯಾಗಿತ್ತು. ತಮ್ಮನೂ ನಾನೂ ಮರಳಿನ ಮೇಲೆ ಅಕ್ಷರ ತಿದ್ದಿದ್ದು ನೆನಪಾಯಿತು.

ಅನಂತರ ಸಮಾಧಿಗೆ ಹೋಗಿ, ಕಲ್ಲನ್ನು ತೊಳೆದು, ಮರದ ಸೌಟಿನಿಂದ ನೀರೆರೆದು, ಹೂವಿಟ್ಟು ಭೋಜನಕ್ಕೆ ಬಂದೆವು. ಈಗೀಗ ಇಂಥ ಊಟದಲ್ಲಿ ಮೀನು ಇರುವುದು ಸಾಮಾನ್ಯವಂತೆ. ನನ್ನ ಸಲುವಾಗಿ ಎಲ್ಲರಿಗೂ ಶುದ್ಧ ಸಸ್ಯಾಹಾರವನ್ನೇ ಮಾಡಿಸಿದ್ದರು. ತಮ್ಮನ ಭಾವಚಿತ್ರದ ಮುಂದೆಯೂ ಒಂದು ಎಡೆ. ಕಡ್ಡಿಗಳಲ್ಲಿ ಉಣ್ಣಲು ಹೆಣಗುತ್ತಿದ್ದ ನಾನು ಕುಂಬಳದ ಹೋಳೊಂದನ್ನು ಹೇಗೋ ಹಿಡಿದು, ಪ್ರೀತಿಯಿಂದ ಹುಡುಗನ ಕಡ್ಡಿಗಳ ಕಡೆಗೆ ಚಾಚಿದೆನು. ಅವನು ತನ್ನ ಕಡ್ಡಿಗಳನ್ನು ಥಟ್ಟನೆ ಹಿಂದೆಗೆದು ಬಟ್ಟಲನ್ನು ಮುಂದೊಡ್ಡಿದನು. ಸುತ್ತಲಿನವರ ಮಾತು ನಿಂತಿತು.

ಕಡ್ಡಿಯಿಂದ ಕಡ್ಡಿಗೆ ಕೊಡುವುದು ಅಸ್ಥಿಯನ್ನು ಮಾತ್ರ ಎಂದು ಹುಡುಗನು ಮೆಲ್ಲನೆ ಹೇಳಿದನು. ದಹನವಾದ ಮೇಲೆ ಬಂಧುಗಳು ಜೊತೆಜೊತೆಯಾಗಿ ನಿಂತು ಅಸ್ಥಿಗಳನ್ನು ಆಯುತ್ತಾರೆ. ಮೊದಲು ಪಾದದವು, ಕಡೆಗೆ ತಲೆಯವು. ಕುಂಭದೊಳಗೆ ಸತ್ತವನು ತಲೆಕೆಳಗಾಗಬಾರದೆಂಬ ಎಚ್ಚರ. ಎಲ್ಲಕ್ಕೂ ಮೇಲೆ ಕತ್ತಿನ ಎರಡನೆಯ ಮೂಳೆ. ಅದಕ್ಕೆ 'ಗಂಟಲ ಬುದ್ಧ' ಎಂದು ಹೆಸರು, ಏಕೆಂದರೆ ಅದು ಧ್ಯಾನಕ್ಕೆ ಕುಳಿತ ಬುದ್ಧನ ಆಕಾರದಲ್ಲಿರುತ್ತದೆ.

ನನ್ನ ಕೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟು, ಲಿಂಗವೇನಾಯಿತೆಂದು ಕೇಳಿದೆನು.

ತಮ್ಮನ ಮಡದಿ ಬಹಳ ಹೊತ್ತು ಮಾತನಾಡಿದಳು. ಹುಡುಗನು ಹೇಳಿದ್ದು ಇಷ್ಟು: ಶವಪೆಟ್ಟಿಗೆಯಲ್ಲಿ ಕಲ್ಲು, ಲೋಹ ಇಡಲು ದಹನಾಲಯದವರು ಒಪ್ಪಲಿಲ್ಲ. ಅದನ್ನು ಏನು ಮಾಡಬೇಕೆಂದು ಕೇಳುವುದಕ್ಕೇ ಅಂದು ದೂರವಾಣಿ ಮಾಡಿದ್ದಳು. ಉತ್ತರ ಸಿಗಲಿಲ್ಲ. ಇದು ನನ್ನೊಡನೆಯೇ ಮಣ್ಣಿಗೆ ಹೋಗತಕ್ಕದ್ದೆಂದು ಗಂಡನು ಎಂದೋ ಹೇಳಿದ್ದ ಮಾತೊಂದೇ ಆಕೆಗಿದ್ದ ಆಧಾರ. ದಹನ ಮುಗಿಯುವವರೆಗೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದು, ಕೊನೆಯಲ್ಲಿ ಗಂಟಲ ಬುದ್ಧನ ಎದುರಿಗೆ ಇಟ್ಟು ಕುಂಭದ ಮುಚ್ಚಳ ಹಾಕಿದಳು. ಹಾಗೆ ಮಾಡಿದ್ದು ತಪ್ಪಾಯಿತೇನು ಎಂದು ಈಗ ಕೇಳುತ್ತಿದ್ದಾಳೆ, ದೊಡ್ಡಪ್ಪ.

ತಪ್ಪಾಗಿಲ್ಲವೆಂದು ಹೇಳು ಎಂದೆನು. ಇನ್ನೂ ಹೇಳಬೇಕಾದ ತಪ್ಪೊಂದಿತ್ತು, ಅದು ನನ್ನದು. ಅದನ್ನು ಹುಡುಗನ ಬಾಯಿಂದ ಹೇಳಿಸುವುದು ಸರಿಯೆನಿಸದೆ ಎದ್ದು ನಿಂತು ಆಕೆಗೆ ಕೈಮುಗಿದೆನು. ಆಕೆಯೂ ಎದ್ದು ಬಾಗಿದಳು.

ಮರುದಿನ ನಾವು ಮೂವರೇ ಮತ್ತೆ ಸಮಾಧಿಗೆ ಹೋದೆವು. ಅಲ್ಲಿ ಒಂಬತ್ತೂವರೆ, ಊರಿನಲ್ಲಿ ಬೆಳಗಿನ 6 ಗಂಟೆ. ಅಲ್ಲಿಂದಲೇ ಅವ್ವನಿಗೆ ದೂರವಾಣಿ ಮಾಡಿದೆನು.

"ಕೂತಾನವ್ವಾ. ಮುಂದ ಲಿಂಗಾ ಅದ."

ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ "ಆಕಿ ಕೈಯಾಗ ಕೊಡು" ಎಂದಳು. ಆಕೆಗೆ ಕನ್ನಡ ಬಾರದೆಂದು ಹೇಳಿದರೂ ಕೇಳಲಿಲ್ಲ. ಕೊಟ್ಟೆನು. "ಉಂಡಿಯೇನವ್ವಾ? ಮಗಾ ಉಂಡನೇನು?" ಎಂಬ ಅವ್ವನ ಗಟ್ಟಿದನಿ ನನಗೂ ಕೇಳಿಸುತ್ತಿತ್ತು. ತಮ್ಮನ ಮಡದಿ ದೂರವಾಣಿಯನ್ನು ಎರಡೂ ಕೈಗಳಲ್ಲಿ ಹಿಡಿದು "ಹಾಯ್, ಹಾಯ್" ಎನ್ನುತ್ತ, ಎದುರಿಗೆ ಹಿರಿಯರು ನಿಂತಿರುವರೋ ಎಂಬಂತೆ ಮಾತುಮಾತಿಗೂ ತಲೆಬಾಗಿಸುತ್ತಿದ್ದಳು.