ಒಮ್ಮೆಗೇ ಹಲವು ವಿದ್ಯೆಗಳು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಕೋಲಾರಕ್ಕೆ ಬರುವ ನಮ್ಮ ಬಾಲಿಕೆಯರು ಸಂಜೆ ಬಸ್ಸಿಳಿದು ಒಂಟಿಯಾಗಿ ನಡೆಯಬೇಕಾಗುವುದುಂಟು. ಆದಕಾರಣ ಪೋಷಕರಲ್ಲಿ ಕೆಲವರು ಕರಾಟೆ, ಜೂಡೋ, ಕೋಲುವರಸೆಗಳನ್ನು ಒಮ್ಮೆಗೇ ಕಲಿಸಬೇಕೆಂದು ನಮ್ಮನ್ನು ಕೇಳುವರು. ಅವರ ಆತಂಕವು ನ್ಯಾಯವಾದುದೇ. ಆದರೆ ಕರಾಟೆಯು ಮುಖ್ಯವಾಗಿ ಅಂತರದಲ್ಲಿ ನಿಂತು ಹೊಡೆಯುವುದನ್ನು ಕಲಿಸುವುದು. ಜೂಡೋ ಹತ್ತಿರಕ್ಕೆ ಹೋಗಿ, ಹಿಡಿದು, ತೂಕ ತಪ್ಪಿಸಿ ಕೆಡಹುವುದನ್ನು ಕಲಿಸುವುದು. ಒಂದರಲ್ಲಿಯೂ ಕಾಲೂರದ ಬಾಲಿಕೆಯು ಆಪತ್ತಿನಲ್ಲಿ ಯಾವುದನ್ನು ಮಾಡಲೆಂದು ತಡವರಿಸುವಳು.

1882ರಲ್ಲಿ ಜೂಡೋ ವಿದ್ಯೆಯನ್ನು ಸ್ಥಾಪಿಸಿದ ಜಪಾನಿನ ಕಾನೋ ಜಿಗೊರೊ ಮಹಾಶಯರು ನಮ್ಮಂತೆಯೇ ಉಪಾಧ್ಯಾಯರು. ಅವರು ಜುಜುತ್ಸುವಿನ ಒಂದು ಪಂಥದಲ್ಲಿ ವರ್ಷಗಟ್ಟಲೆ ಪಳಗಿದ ತರುವಾಯವೇ ಮತ್ತೊಂದನ್ನು ಕೈಗೊಂಡರು.

ಆದುದರಿಂದ ಮೊದಲು ಒಂದು ವಿದ್ಯೆಯು ಮೈಗೂಡಲಿ, ಬಳಿಕ ಎರಡನೆಯದು. ಪೆಟ್ಟಾಗದಂತೆ ಬೀಳುವುದನ್ನು ಮಾತ್ರ ಎಲ್ಲರೂ ಆರಂಭದಲ್ಲಿಯೇ ಕಲಿಯಲಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಆಲೋಚಿಸಬೇಕೆಂದು ಕೋರುತ್ತೇವೆ.