ವರಾಂಡದಲ್ಲಿ ಕೂತಿದ್ದ ದರ್ಜಿಗೆ

ದರ್ಜಿಯವರೇ,

ಹೆಸರು ಹಿಡಿದು ಕರೆಯೋಣವೆಂದರೆ ನಿಮ್ಮ ಹೆಸರನ್ನು ಯಾರೂ ಬರೆದಿಡಲಿಲ್ಲ. ಕಂಪನಿ ಕಾಲದ ಚಿತ್ರಗಳಲ್ಲಿ, ಆಮೇಲಿನ ಫೋಟೊಗಳಲ್ಲಿ ನೀವಿದ್ದೀರಿ. ಬಂಗಲೆಯ ವರಾಂಡದಲ್ಲಿ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ಮಡಿಲ ತುಂಬ ಬಿಳಿ ಬಟ್ಟೆ ಹರಡಿಕೊಂಡು ತಲೆ ತಗ್ಗಿಸಿದ್ದೀರಿ. ಅಡಿಯಲ್ಲಿ ‘ದರ್ಜಿ’ ಎಂದಷ್ಟೇ ಇರುತ್ತದೆ. ನೀವು ಹೊಲಿದ ಗೌನು ತೊಟ್ಟು ನಿಂತ ದೊರೆಸಾನಿಯ ಚಿತ್ರಕ್ಕಾದರೆ ಅವಳ ಹೆಸರು, ಗಂಡನ ಹೆಸರು, ಅವನ ರೆಜಿಮೆಂಟು ಎಲ್ಲವೂ ಸಿಗುತ್ತವೆ. ಹೆಂಗಸರ ಉಡುಪಿನ ಚರಿತ್ರೆ ಬರೆದವರು ಉಟ್ಟವರನ್ನು ನೆನೆದಷ್ಟು ಹೊಲಿದವರನ್ನು ನೆನೆಯಲಿಲ್ಲ. ಬ್ರಿಟಿಷ್ ಸೈನ್ಯದ ನೆಲೆಯಾಗಿದ್ದ ಬೆಂಗಳೂರು ದಂಡಿನ ಮಟ್ಟಿಗಂತೂ ಇದು ದೊಡ್ಡ ಅನ್ಯಾಯ. ಈ ಊರಿನ ಹೆಂಗಸು ಇಂದು ತೊಡುವ ರವಿಕೆ ನಿಮ್ಮ ಕತ್ತರಿ ದಾಟಿಕೊಂಡೇ ಬಂದದ್ದು ಎಂದು ನಾನು ನಂಬಿದ್ದೇನೆ.

ದಂಡು ಬರುವ ಮುಂಚಿನ ಕಾಲ ನೋಡಬೇಕಾದರೆ ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿ ಗಿರಿಜಾ ಕಲ್ಯಾಣ ಕೆತ್ತಿದ್ದಾರೆ, ಮಹಿಷಮರ್ದಿನಿ ಇದ್ದಾಳೆ. ಅವರ ಮೈಮೇಲಿನದು ಶಿಲ್ಪಿ ದೇವಿಗೆ ಒಪ್ಪಿಸಿದ ಉಡುಗೆ; ಬಾವಿಕಟ್ಟೆಯ ಹೆಂಗಸು ಹಾಗೇ ಇದ್ದಳು ಎನ್ನಲಾಗದು. ಆದರೂ ಸುತ್ತಿ, ನೆರಿಗೆ ಹಿಡಿದು, ಸಿಕ್ಕಿಸಿ ಉಡುವುದೇ ನಮ್ಮ ಹಳೆಯ ಪದ್ಧತಿ. ಹೊಲಿದದ್ದೆಂದರೆ ಕುಪ್ಪಸ. ಅದಕ್ಕೂ ಗುಂಡಿ, ಕಾಜ ಬೇಕಿರಲಿಲ್ಲ. ಎರಡು ತುದಿ ಎಳೆದು ಎದೆಯ ಕೆಳಗೆ ಗಂಟು ಹಾಕಿದರೆ ಮುಗಿಯಿತು. ಮೈ ತುಂಬಿಕೊಂಡರೆ ಗಂಟು ಸಡಿಲ, ಬಡವಾದರೆ ಬಿಗಿ. ಅಳತೆಯೆಲ್ಲ ಹೆಂಗಸಿನ ಕೈಯಲ್ಲೇ ಇತ್ತು.

1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಬ್ರಿಟಿಷ್ ಸೈನ್ಯ ಹಲಸೂರಿನ ಬಳಿ ಬಂದು ನೆಲೆಯೂರಿತು. ಅದರ ಬೆನ್ನಿಗೆ ತಮಿಳು ಸೀಮೆಯ ಗುತ್ತಿಗೆದಾರರು, ದಖನಿ ವ್ಯಾಪಾರಿಗಳು, ಅಡುಗೆಯವರು, ಅಗಸರು, ನೀವು. ನೀವೆಲ್ಲ ನೆಲೆಸಿದ ಇಂದಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ತನಕ ಲಂಡನ್ನಿನ ಹಡಗು ಆಫ್ರಿಕಾ ಸುತ್ತಿಕೊಂಡು ಬರಬೇಕಿತ್ತು. ಅಲ್ಲಿಯ ಫ್ಯಾಶನ್ನು ಇಲ್ಲಿಗೆ ಮುಟ್ಟುವ ಹೊತ್ತಿಗೆ ಹಳತಾಗಿರುತ್ತಿತ್ತು. ದೊರೆಸಾನಿ ಪೆಟ್ಟಿಗೆಯಿಂದ ಒಂದು ಫ್ರಾಕು ತೆಗೆದು ನಿಮ್ಮ ಮುಂದೆ ಹಾಕಿ, ಇದರಂತೆಯೇ ಇನ್ನೊಂದು ಬೇಕು ಅನ್ನುವಳು. ನೀವು ಅದನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆ ಹೊಲಿಗೆ ಓದಿಕೊಂಡು, ಹೊಸ ಬಟ್ಟೆಗೆ ಕತ್ತರಿ ಹಾಕುವಿರಿ.

ನಿಮ್ಮ ಮೇಲೆ ಬಿಳಿಯರು ಕಟ್ಟಿದ ಒಂದು ಕತೆ ಇದೆ. ಮಾದರಿ ಉಡುಪಿನಲ್ಲಿ ತೇಪೆ ಇತ್ತೆಂದು ದರ್ಜಿ ಹೊಸದರಲ್ಲೂ ಅದೇ ಜಾಗದಲ್ಲಿ ತೇಪೆ ಹಾಕಿ ಕೊಟ್ಟನಂತೆ. ಊಟದ ಮೇಜಿನ ಸುತ್ತ ನಗಲು ಇದೊಂದು ಕತೆಯಾಯಿತು. ಎಂದೂ ತೊಟ್ಟು ನೋಡದ ಉಡುಪನ್ನು, ಮುಟ್ಟಿ ಅಳೆಯಲಾಗದ ಮೈಗೆ, ಕಣ್ಣಳತೆ ಮತ್ತು ಮಾದರಿಯಿಂದಲೇ ಸರಿಹೊಂದಿಸುವ ವಿದ್ಯೆ ಎಂಥದು ಎಂದು ನಕ್ಕವರು ಯೋಚಿಸಲಿಲ್ಲ. 1860ರ ದಶಕದ ಕ್ರಿನೋಲಿನ್ ಲಂಗಕ್ಕೆ ಒಳಗೆ ಉಕ್ಕಿನ ಬಳೆಗಳ ಪಂಜರವೇ ಇತ್ತು. ಅದು ಹೋಗಿ ಬೆನ್ನ ಹಿಂದೆ ದಿಂಬು ಕಟ್ಟುವ ಬಸಲ್ ಬಂತು. ಕಾರ್ಸೆಟ್ ಬಿಗಿದ ಸೊಂಟದ ಮೇಲೆ ಇದನ್ನೆಲ್ಲ ಕೂಡಿಸುವುದು ನಕಲು ಮಾಡುವವನ ಕೆಲಸವಲ್ಲ, ಪಳಗಿದ ಕಸುಬುದಾರನ ಕೆಲಸ.

ಆ ವಿದ್ಯೆ ಬಂಗಲೆಯ ಗೇಟು ದಾಟಿ ನಮ್ಮ ಮನೆಗಳಿಗೂ ಬಂತು. ಬುಗ್ಗೆ ತೋಳು, ಕುತ್ತಿಗೆಗೆ ಲೇಸು, ಸೀರೆಯ ಒಳಗೆ ಪೆಟಿಕೋಟು, ಗಂಟಿನ ಬದಲು ಹುಕ್ಕು. ಮದುವೆಯ ರವಿಕೆಗೆ ಈಗಲೂ ‘ಪ್ರಿನ್ಸೆಸ್ ಕಟ್’ ಹಾಕಿಸುತ್ತಾರಲ್ಲ, ಅದರ ಮೂಲ 1870ರ ದಶಕದ ಯುರೋಪಿನ ಗೌನು. ಸೊಂಟದಲ್ಲಿ ಅಡ್ಡ ಹೊಲಿಗೆಯೇ ಇಲ್ಲದೆ, ಮೇಲಿಂದ ಕೆಳತನಕ ಉದ್ದುದ್ದ ಸೀಳಿ ಜೋಡಿಸಿ ಮೈಯ ತಿರುವು ಹಿಡಿಯುವ ಉಪಾಯ. ಅದೇ ದಂಡಿನಲ್ಲಿ ಇನ್ನೊಂದೂ ನಡೆಯಿತು. ಶಿವಾಜಿನಗರದ ಸೇಂಟ್ ಮೇರೀಸ್ ಬಸಿಲಿಕಾದಲ್ಲಿ ಮೇರಿಮಾತೆಗೆ ಸೀರೆ ಉಡಿಸುತ್ತಾರೆ. ಸೀರೆಯವರು ಬುಗ್ಗೆ ತೋಳು ತೊಟ್ಟ ಊರಿನಲ್ಲೇ ಗೌನಿನ ತಾಯಿ ಸೀರೆ ಉಟ್ಟಳು. ನನಗೆ ಈ ಊರಿನ ಮೇಲೆ ಪ್ರೀತಿ ಉಕ್ಕುವುದು ಇಂಥ ಕಡೆ.

ಅಳತೆ ರವಿಕೆಯ ಮಾತು ಹೇಳದೆ ಮುಂದೆ ಹೋಗಲಾರೆ. ಟೇಪು ಹಿಡಿದು ಗಂಡಸು ಅಳತೆ ತೆಗೆಯುವುದು ನಮ್ಮವರಿಗೆ ಸಂಕೋಚ. ಘೋಷಾ (ಪರದೆ) ಪಾಲಿಸುವ ಮನೆಗಳಲ್ಲಂತೂ ಆಗದ ಮಾತು. ಹಾಗಾಗಿ ಹಳೆಯ ರವಿಕೆಯೊಂದು ಮೈಯ ಬದಲು ಅಂಗಡಿಗೆ ಹೋಗುತ್ತಿತ್ತು. ನನ್ನ ಅಮ್ಮನ ಅಳತೆ ರವಿಕೆ ನನ್ನ ಹತ್ತಿರ ಇದೆ. ಮಾಸಿದ ಕೆಂಪು. ಒಳಮಗ್ಗುಲು ತಿರುವಿದರೆ ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ. ಎರಡು ಸಾಲು ಬಿಚ್ಚಿದೆ. ಸೂಜಿಯ ತೂತುಗಳು ಸಾಲಾಗಿ ಉಳಿದಿವೆ, ಅಲ್ಲಿಯ ಕೆಂಪು ಮಾತ್ರ ಅಂಗಡಿಯಿಂದ ತಂದ ದಿನದ್ದು. ಒಂದು ಸಾಲು ಅಕ್ಕ ಹುಟ್ಟಿದ ಮೇಲೆ ಬಿಚ್ಚಿದ್ದು, ಇನ್ನೊಂದು ನಾನು ಹುಟ್ಟಿದ ಮೇಲೆ. ಹೆಣ್ಣಿನ ಮೈ ಬದಲಾಗುತ್ತದೆ ಎಂದು ಮೊದಲೇ ಬಲ್ಲವನು ಹಾಕಿದ ಹೊಲಿಗೆ ಅದು. ಗಂಟಿನ ಕುಪ್ಪಸದಲ್ಲಿದ್ದ ಸಡಿಲವನ್ನು ನೀವು ಮರೆಯದೆ ಹೊಸ ರವಿಕೆಯ ಒಳಗೆ ಬಚ್ಚಿಟ್ಟಿರಿ.

ಆಮೇಲಿನದು ಬೇಗ ಬೇಗ ನಡೆಯಿತು. ಹೊಲಿಗೆ ಮೆಷಿನ್ನು ಬಂತು, ನೀವು ವರಾಂಡ ಬಿಟ್ಟು ಅಂಗಡಿ ಸೇರಿದಿರಿ. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೂ ಕಂಟ್ರೋಲು ಬಿತ್ತು. 1942ರಲ್ಲಿ ಶುರುವಾದ ಸೈನ್ಯದ ಮಹಿಳಾ ಸಹಾಯಕ ದಳಕ್ಕೆ ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು ಬಹಳ ಮಂದಿ ಸೇರಿದರು. ಅಲ್ಲಿ ಖಾಕಿ ಸ್ಕರ್ಟೂ ಇತ್ತು, ಖಾಕಿ ಸೀರೆಯೂ ಇತ್ತು. 1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಫ್ರಾಕು ತೊಟ್ಟು ಕಾಕ್ಸ್ ಟೌನು, ವೈಟ್‌ಫೀಲ್ಡುಗಳಲ್ಲಿ ಓಡಾಡುತ್ತಿದ್ದ ಹೆಂಗಸರ ಕುಟುಂಬಗಳು ಒಂದೊಂದಾಗಿ ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದವು. ಕೆ.ಆರ್. ಪುರದ ದಾರಿಯಲ್ಲಿ 1948ರಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಎದ್ದು, ಸೀರೆ ಉಟ್ಟ ಹೆಂಗಸರು ಟೆಲಿಫೋನ್ ಜೋಡಿಸುವ ಕೆಲಸಕ್ಕೆ ಹೋಗತೊಡಗಿದರು. ಅವರ ಮಕ್ಕಳ ಕಾಲಕ್ಕೆ ಚೂಡಿದಾರ್ ಬಂತು. ದೊರೆಸಾನಿಯ ರಾತ್ರಿಯ ಗೌನು ಮಾತ್ರ ಎಲ್ಲವನ್ನೂ ಮೀರಿಸಿ ನೈಟಿಯಾಗಿ ಉಳಿಯಿತು. ಹೆಗಲ ಮೇಲೊಂದು ದುಪಟ್ಟಾ ಹಾಕಿಕೊಂಡರೆ ಹಾಲಿನ ಬೂತಿಗೂ ಆಯಿತು, ತರಕಾರಿ ಗಾಡಿಗೂ ಆಯಿತು. ಇದನ್ನು ಹಳಿಯುವವರಿದ್ದಾರೆ. ದಿನವಿಡೀ ದುಡಿಯುವ ಹೆಂಗಸಿಗೆ ಗಾಳಿಯಾಡುವ ಉಡುಪೊಂದು ಸಿಕ್ಕಿತಲ್ಲ ಎಂದು ನನಗೆ ಸಂತೋಷ.

ಇಂದು ಈ ಊರಿನಲ್ಲಿ ಹೊಲಿಯುವವರು ಹೆಚ್ಚಾಗಿ ಹೆಂಗಸರೇ, ದರ್ಜಿಯವರೇ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಸಾಲಾಗಿ ಕೂರುತ್ತಾರೆ. ಒಬ್ಬಳಿಗೆ ಕಾಲರ್ ಮಾತ್ರ, ಇನ್ನೊಬ್ಬಳಿಗೆ ತೋಳು ಮಾತ್ರ, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು. ನೀವು ತೊಡುವವಳನ್ನಾದರೂ ಕಾಣುತ್ತಿದ್ದಿರಿ. ಇವರು ಪೂರ್ತಿ ಅಂಗಿಯನ್ನೂ ಕಾಣುವುದಿಲ್ಲ. ಕಡಲಾಚೆ ಹೋಗುವ ಆ ಅಂಗಿಯ ಕೊರಳಪಟ್ಟಿಯಲ್ಲಿ ದೇಶದ ಹೆಸರಿರುತ್ತದೆ, ಹೊಲಿದವಳದ್ದಿಲ್ಲ.

ನಿಮ್ಮನ್ನು ಕೇಳಲೇಬೇಕೆಂದು ಇಟ್ಟುಕೊಂಡ ಪ್ರಶ್ನೆಗಳಿವೆ. ನೀವು ಹೊಲಿದ ಗೌನುಗಳಂಥವು ಮ್ಯೂಸಿಯಮ್ಮುಗಳ ಗಾಜಿನ ಹಿಂದೆ ಜೋಪಾನವಾಗಿವೆ. ನಿಮ್ಮ ಮನೆಯಾಕೆಯ ಸೀರೆ ಹರಿಯುವ ತನಕ ಉಟ್ಟು, ಹರಿದ ಮೇಲೆ ಕೌದಿಯಾಗಿ, ಕೌದಿ ಒರಸುವ ಬಟ್ಟೆಯಾಗಿ ಮುಗಿದಿರಬೇಕು. ಅವರು ಏನು ಉಡುತ್ತಿದ್ದರು? ಯಾವ ಬಣ್ಣ ಇಷ್ಟಪಡುತ್ತಿದ್ದರು? ದೊರೆಸಾನಿಯ ಬಟ್ಟೆಯಲ್ಲಿ ಮಿಕ್ಕ ತುಂಡು, ಲೇಸಿನ ಚೂರು ಮಗಳ ಲಂಗದ ಅಂಚಿಗೆ ಎಂದಾದರೂ ಬಂತೇ? ಅವರ ರವಿಕೆಯನ್ನು ನೀವೇ ಹೊಲಿದಿರಾ, ಅಥವಾ ಊರಿಗೆಲ್ಲ ಹೊಲಿಯುವ ಮನೆಯಲ್ಲಿ ಅವರದ್ದು ಸದಾ ನಾಳೆಗೇ ಉಳಿಯಿತೇ?

ಇಂತಿ,
ಹಲಸೂರಿನ ಒಬ್ಬ ಹೆಂಗಸು